ನ್ಯಾಮತಿಯ ನಿಘಂಟು ಪ್ರೇಮ

ವಾಚನಾಲಯ ನೋಡಿಕೊಳ್ಳುವವನಿಗೆ ಹೊತ್ತೇ ಹೋಗುವುದಿಲ್ಲ ಎನ್ನುವವರು ನನ್ನ ಪಕ್ಕ ಒಂದು ವಾರ ಕೂತು ನೋಡಬೇಕಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ನ್ಯಾಮತಿಯಲ್ಲಿದ್ದಾಗ ಒಬ್ಬ ಸಂಶೋಧಕರು ಬಂದಿಳಿದರು. ನಮ್ಮ ಕಡೆಯ ವಾಚನಾಲಯಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆಯಬೇಕಂತೆ. ಅಂಥದ್ದಕ್ಕೂ ಪದವಿ ಉಂಟೆಂದು ನಮಗೆ ಅಂದೇ ಗೊತ್ತಾದದ್ದು. "ನಾಲ್ಕು ಲೇಖನ ಅಚ್ಚಾಗದೆ ನಿನ್ನ ಪ್ರಬಂಧ ಮುಟ್ಟುವುದಿಲ್ಲ" ಎಂದು ಗುರುಗಳು ಕಡ್ಡಿ ಮುರಿದಂತೆ ಹೇಳಿದ್ದರು. ಪದವಿ ಬರದೆ ಹೆಣ್ಣು ಕೊಡುವುದಿಲ್ಲ ಎಂದು ಭಾವೀ ಮಾವನವರು ಪಟ್ಟು ಹಿಡಿದಿದ್ದರು. ಪಾಪ ಅನ್ನಿಸಿತು.

ಒಂದು

ಮೊದಲ ದಿನವೇ ನನ್ನ ರಿಜಿಸ್ಟರ್ ತಿರುವಿದರು. ಇದ್ದುದರಲ್ಲಿ ದಪ್ಪ ನಿಘಂಟನ್ನು ಒಬ್ಬರೇ ಹದಿನೈದು ದಿನಕ್ಕೊಮ್ಮೆ ಒಯ್ಯುತ್ತಿದ್ದರು. ಯಾರು, ಏಕೆ ಎಂದು ಕೇಳುವಷ್ಟು ವ್ಯವಧಾನ ಸಂಶೋಧಕರಿಗೆಲ್ಲಿ? 'ನ್ಯಾಮತಿಯ ನಿಘಂಟು ಪ್ರೇಮ' ಎಂದು ಸಂಜೆಯೊಳಗೆ ಬರೆದು ಅಂಚೆಗೆ ಹಾಕಿದರು. ಅಚ್ಚೂ ಆಯಿತು.

ಒಯ್ಯುತ್ತಿದ್ದವರು ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಸಾಹೇಬರು. ಅವರಿಗೆ ಲೇಖನ ಓದಿ ಹೇಳಿದೆ. "ನನಗೆ ಕನ್ನಡ ಓದಾಕೆ ಬರಲ್ಲ ರೀ. ಅಂಟು ಹಚ್ಚಿದ ಪುಸ್ತಕದ ಮ್ಯಾಲೆ ಭಾರ ಇಡಾಕೆ ಒಯ್ತೀನಿ" ಅಂದರು.

ಎರಡು

ಉಳಿದ ಮೂರಕ್ಕೆ ಸಂಶೋಧಕರು ಕಾಲು ಸವೆಸಲಿಲ್ಲ. ಹೊಳೆದಂಡೆಯ ಹೊನ್ನಾಳಿಯ ಮೇಲೆ ಒಂದು ಬರೆದು, ಊರಿನ ಹೆಸರು ಮಾತ್ರ ಬದಲಿಸಿ ಚನ್ನಗಿರಿಗೊಂದು, ಜಗಳೂರಿಗೊಂದು ಮಾಡಿ ಬೇರೆ ಬೇರೆ ಪತ್ರಿಕೆಗೆ ಕಳಿಸಿದರು. ಚನ್ನಗಿರಿಯವರು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು. ಆದರೆ 'ಜಗಳೂರಿನ ಓದುಗರು ಮುಂಜಾನೆ ಹೊಳೆಯಲ್ಲಿ ಮಿಂದು ವಾಚನಾಲಯಕ್ಕೆ ಬರುತ್ತಾರೆ' ಎಂದು ಅಚ್ಚಾದದ್ದನ್ನು ಆ ಬರದ ಸೀಮೆಯದೇ ಹಳ್ಳಿ ಸೊಕ್ಕೆಯ ಗೌಡರೊಬ್ಬರು ಓದಿಬಿಟ್ಟರು. ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ಹಿಡಿದು, ವಿಳಾಸ ಹುಡುಕಿಕೊಂಡು ನಮ್ಮ ವಾಚನಾಲಯಕ್ಕೇ ಬಂದರು.

"ಸ್ವಾಮಿ, ಆ ಹೊಳೆ ಯಾವ ದಿಕ್ಕಿಗೈತೆ ಹೇಳ್ರಿ. ನಮ್ಮ ಅಜ್ಜನ ಕಾಲದಿಂದ ಹುಡುಕ್ತಾ ಇದೀವಿ."

ಸಂಶೋಧಕರು ತಡವರಿಸಿ, "ಅದು ಮುದ್ರಾರಾಕ್ಷಸನ ಕೆಲಸ" ಅಂದರು.

"ಹಂಗಾದ್ರೆ ಆ ರಾಕ್ಷಸನಿಗೆ ಹೇಳಿ ಒಂದು ಕೆರೇನೂ ಅಚ್ಚು ಹಾಕಿಸ್ರಿ."

ಮೂರು

ಗುರುಗಳ ಕಣ್ಣು ಹೊಳೆಯ ಮೇಲೆ ಬೀಳಲಿಲ್ಲ, ನಿಘಂಟಿನ ಮೇಲೆ ಬಿತ್ತು. ಅಂಥ ಓದುಗನನ್ನು ಕಣ್ಣಾರೆ ಕಾಣಬೇಕೆಂದು ಹೊರಟೇಬಿಟ್ಟರು. ಸಂಶೋಧಕರು ಸಾಹೇಬರ ಕೈ ಹಿಡಿದು, "ಓದ್ತೀನಿ ಅಂತ ಒಂದು ಮಾತು ಹೇಳಿಬಿಡಿ, ನನ್ನ ಮದುವೆ ನಿಮ್ಮ ಕೈಲಿದೆ" ಎಂದು ಗೋಗರೆದರು.

"ಸುಳ್ಳು ಹೇಳಾಕೆ ಆಗಲ್ಲ ರೀ" ಅಂದ ಸಾಹೇಬರು, ಗುರುಗಳು ಬಂದು ಕೇಳಿದಾಗ ಅಂಗಡಿಗೇ ಕರೆದೊಯ್ದು ತೋರಿಸಿದರು. ನಾಲ್ಕು ಹಸಿ ರಟ್ಟಿನ ಪುಸ್ತಕಗಳ ಮೇಲೆ ನಿಘಂಟು ಕೂತಿತ್ತು.

ಗುರುಗಳು ನಿಘಂಟನ್ನು ಎತ್ತಿ, ಕೆಳಗಿನ ರಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. ಮದುವೆ ಮುರಿದೇ ಹೋಯಿತು ಅಂದುಕೊಂಡೆ. ಕೊನೆಗೆ ಅವರು ತಮ್ಮ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು, ದನಿ ತಗ್ಗಿಸಿ, "ಇದು ನನ್ನ ಪ್ರಬಂಧ. ಪ್ರತಿಗಳೆಲ್ಲ ಅಟ್ಟದ ಮೇಲೇ ಕೊಳೆಯುತ್ತಿವೆ. ನಿಮಗೆ ನಡೆಯುತ್ತದೆಯೇ?" ಎಂದು ಕೇಳಿದರು.

ಸಾಹೇಬರು ಅದನ್ನು ಕೈಯಲ್ಲಿ ತೂಗಿ ನೋಡಿದರು. "ಒಂದು ಸಾಕಾಗಲ್ಲ ರೀ. ಇನ್ನೊಂದೆರಡು ಕಳ್ಸಿ."

"ಹತ್ತು ಕಳಿಸುತ್ತೇನೆ" ಎಂದು ಗುರುಗಳು ಅವರ ಕೈ ಕುಲುಕಿದರು. ಆ ಸಂತೋಷದಲ್ಲಿ ಶಿಷ್ಯನ ಪ್ರಬಂಧಕ್ಕೂ ಅಲ್ಲೇ ಒಪ್ಪಿಗೆ ಸಿಕ್ಕಿತು.

ಪದವಿ ಬಂತು, ಮದುವೆಯೂ ಗೊತ್ತಾಯಿತು. ಲಗ್ನಪತ್ರಿಕೆಗಿಂತ ಮೊದಲು ನಮ್ಮ ವಾಚನಾಲಯಕ್ಕೆ ಬಂದದ್ದು ಸಂಶೋಧಕರ ಐದನೆಯ ಲೇಖನ: 'ನನ್ನ ಗುರುಗಳ ಗ್ರಂಥಕ್ಕೆ ನ್ಯಾಮತಿಯಲ್ಲಿ ಎಲ್ಲಿಲ್ಲದ ಬೇಡಿಕೆ'.