ಕೃಷಿ ಮಕ್ಕಳಿಗೆ ನಾನು ಕಲಿಸಿದ ಜೀವಶಾಸ್ತ್ರ

ಕೃಷಿ ಡಿಪ್ಲೊಮಾದ ಮೊದಲ ವರ್ಷದ ಮಕ್ಕಳಿಗೆ ಜೀವಶಾಸ್ತ್ರದ ಅ ಆ ಇ ಈ ಕಲಿಸೋದು ನನ್ನ ಕೆಲಸ. ಕಾಲೇಜು ಉಲ್ಲಾಳದ ಹತ್ತಿರ. ಮಕ್ಕಳು ಸಿಟಿಯೊಳಗಿನ ವಿಜಯನಗರ, ಗೋವಿಂದರಾಜನಗರದ ಕಡೆಯವರು. ಬದನೆಕಾಯಿ ಮಾರ್ಕೆಟ್ಟಿನಲ್ಲೇ ಬೆಳೆಯುತ್ತೆ ಅಂತ ದೃಢವಾಗಿ ನಂಬಿದವರು. ಹಾಗಾಗಿ ವಾರಕ್ಕೊಂದು ಪ್ರಸಂಗ ನಡೀತಾನೇ ಇರುತ್ತೆ. ನನಗೆ ಸಂಬಳ ಕೊಡೋದು ಪಾಠಕ್ಕೋ ತಾಳ್ಮೆಗೋ, ಇನ್ನೂ ಗೊತ್ತಾಗಿಲ್ಲ.

ಮೊಳಕೆ

ಹೆಸರುಕಾಳನ್ನು ಒದ್ದೆ ಹತ್ತಿಯ ಮೇಲಿಟ್ಟು, ದಿನಾ ಮೊಳಕೆ ನೋಡಿ ಬರೆದು, ಐದನೇ ದಿನ ಡಬ್ಬಿ ಸಮೇತ ತನ್ನಿ ಅಂದಿದ್ದೆ. ಒಬ್ಬ ಖಾಲಿ ಡಬ್ಬಿ ತಂದ.

"ಕಾಳೆಲ್ಲಪ್ಪಾ?"

"ಮೂರನೇ ದಿನ ಚೆನ್ನಾಗಿ ಮೊಳಕೆ ಬಂದಿತ್ತು ಮೇಡಂ. ಅಮ್ಮ ಕೋಸಂಬರಿ ಮಾಡ್ಬಿಟ್ರು."

"ರೆಕಾರ್ಡ್ ಆದ್ರೂ ಬರೆದಿದೀಯಾ?"

ಬರೆದಿದ್ದ. ಪ್ರಾಮಾಣಿಕ ಹುಡುಗ. ಮೂರನೇ ದಿನದ 'ವೀಕ್ಷಣೆ' ಕಾಲಮ್ಮಿನಲ್ಲಿ: 'ಉಪ್ಪು ಸ್ವಲ್ಪ ಕಮ್ಮಿ.'

ಕಳೆಗಿಡ

ಹತ್ತು ಕಳೆಗಿಡ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ ತನ್ನಿ ಅಂದೆ. ಮಾರೇನಹಳ್ಳಿಯಲ್ಲಿ ಬಾಡಿಗೆಗಿರೋ ಹುಡುಗಿ ತಂದಳು. ಹಿಂದೆಯೇ ಅವಳ ಮನೆ ಓನರ್ ಆಂಟಿಯೂ ಬಂದು ಕೇಳಿದರು.

"ಕಳೆ ಅಂದ್ರೆ ಏನು ಮೇಡಂ?"

"ಬೇಡದ ಜಾಗದಲ್ಲಿ ಬೆಳೆಯೋ ಗಿಡ."

"ನನ್ನ ಕುಂಡದಲ್ಲಿದ್ದ ದೊಡ್ಡಪತ್ರೆ ಯಾರಿಗೆ ಬೇಡವಾಗಿತ್ತು?"

ಹುಡುಗಿ ತಣ್ಣಗೆ ಅಂದಳು, "ನಾವು ಬಟ್ಟೆ ಒಣಗ್ಹಾಕೋ ಜಾಗದಲ್ಲಿತ್ತಲ್ಲ ಆಂಟಿ. ನಮಗೇ ಬೇಡವಾಗಿತ್ತು."

ವ್ಯಾಖ್ಯಾನದ ಪ್ರಕಾರ ಪೂರ್ತಿ ಅಂಕ ಕೊಡಲೇಬೇಕು. ಕೊಟ್ಟೆ, ಆಂಟಿ ಗೇಟು ದಾಟಿದ ಮೇಲೆ.

ರಾಗಿ

ಕಾಲೇಜಿನ ಹಿಂದಿನ ತಾಕಿನಲ್ಲಿ ಮಕ್ಕಳ ಕೈಲಿ ರಾಗಿ ಬಿತ್ತಿಸಿ ತಿಂಗಳಾಗಿತ್ತು. ಮಾರನೇ ದಿನ ಪರಿಶೀಲನೆಗೆ ತಜ್ಞರ ಸಮಿತಿ ಬರೋದಿತ್ತು. ಅವರು ಒಪ್ಪದಿದ್ದರೆ ಕೋರ್ಸೇ ನಿಲ್ಲುತ್ತೆ ಅಂತ ಪ್ರಿನ್ಸಿಪಾಲರು ಎರಡು ಸಲ ಎಚ್ಚರಿಸಿದ್ದರು. ನಾನು ಇಡೀ ಕ್ಲಾಸನ್ನು ತಾಕಿಗಿಳಿಸಿ, ಎಲೆ ಹಿಡಿದು, "ಇದು ರಾಗಿ, ಇದು ಕಳೆ" ಅಂತ ತೋರಿಸಿಕೊಟ್ಟೆ. ಜನ್ಮದಲ್ಲಿ ಮೊದಲ ಸಲ ಮಕ್ಕಳು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ಎರಡು ಗಂಟೆಯಲ್ಲಿ ತಾಕು ಸ್ವಚ್ಛ.

ಸಂಜೆ ನೀರು ಹಾಯಿಸೋಕೆ ಕಾಲೇಜಿನ ತೋಟದ ಕೆಲಸದ ಅಜ್ಜಿ ಬಂದರು. ಈಗ ಲೇಔಟ್ ಆಗಿರೋ ಜಾಗದಲ್ಲೆಲ್ಲ ಒಂದು ಕಾಲಕ್ಕೆ ರಾಗಿ ಬೆಳೆದವರು.

"ರಾಗಿ ಯಾಕೆ ಕೀಳ್ಸಿದ್ರಿ ಮೇಡಮ್ಮೋರೆ?"

"ರಾಗಿ ಇಲ್ಲೇ ಇದೆಯಲ್ಲ ಅಜ್ಜಿ."

"ಅದು ರಾಗಿ ಥರಾನೇ ಕಾಣೋ ಹುಲ್ಲು ಕಣವ್ವ. ರಾಗಿ ಅಗೋ, ಅಲ್ಲಿ ಗುಡ್ಡೆ ಬಿದ್ದೈತೆ."

ಯಾರಿಗೂ ಹೇಳಬೇಡಿ ಅಂತ ಕೈ ಮುಗಿದೆ. ಅಜ್ಜಿ ನಗು ನುಂಗಿಕೊಂಡು, ಗುಡ್ಡೆಯನ್ನು ತಮ್ಮ ಹಸುವಿಗೆ ಅಂತ ಹೊತ್ತುಕೊಂಡು ಹೋದರು.

ಬೆಳಿಗ್ಗೆ ಸಮಿತಿ ಬಂತು. ಮೂವರು. ಹಿರಿಯರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಒಂದು ಎಲೆಯನ್ನು ಬೆರಳಲ್ಲಿ ಸವರಿದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಹಿರಿಯರು ಪೆನ್ನು ತೆಗೆದು ವರದಿಯಲ್ಲಿ ಬರೆದರು: 'ರಾಗಿ ತಾಕು ಮಾದರಿಯಾಗಿದೆ. ಹುಡುಕಿದರೂ ಒಂದು ಕಳೆ ಸಿಗಲಿಲ್ಲ.'