ಜಾರಿದ ಲೇತು

ಈರಣ್ಣನಿಗೆ ಸಾಕು ಎನ್ನುವ ಬುದ್ಧಿ ಇರಲಿಲ್ಲ.

ಅಕ್ಕ ಶಾಂತವ್ವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಅವಳದೊಂದು ಶೆಡ್ಡು, ಅದರಲ್ಲಿ ಕಬ್ಬಿಣ ಕಡೆಯುವ ಒಂದು ಲೇತು ಯಂತ್ರ. ಲೇತು ಕಿರುಚಿ ಕಿರುಚಿ ಉಳಿಗಳನ್ನು ಸವೆಸುತ್ತಿತ್ತು. ಪಂಪ್ ಕಾರ್ಖಾನೆಯ ಹಂಪಿಹೊಳಿ ಸಾಹೇಬರು ಇವತ್ತು ಮಾದರಿ ಶಾಫ್ಟ್ ಒಪ್ಪದಿದ್ದರೆ ಶೆಡ್ಡಿಗೆ ಬೀಗ.

"ನೋಡಕ್ಕಾ!" ಈರಣ್ಣ ಡಬ್ಬಿ ಎತ್ತಿ ಹಿಡಿದ. ಲೇತಿನ ಮೇಲೆ ಸುರಿಯುವ ಹಾಲಿನಂಥ ಎಣ್ಣೆನೀರಿಗೆ ಬೆರೆಸಲೆಂದು ಅವನು ಕಂಡುಹಿಡಿದ ಮದ್ದು ಅದರಲ್ಲಿತ್ತು. "ನೀರು ಕಾವು ತಗೀತೈತಿ. ಎಣ್ಣಿ ಹನಿ ಈ ಮದ್ದನ್ನ ಹೊತ್ಕೊಂಡು ಬಂದು ಕಬ್ಬಿಣಕ್ಕ ಮುಟ್ಟಸ್ತೈತಿ. ಮದ್ದು ಅಲ್ಲೇ ಅಂಟಿ ತೆಳ್ಳನ ಪದರ ಕಟ್ತೈತಿ. ಆಮ್ಯಾಲೆ ಎಷ್ಟು ತಿಕ್ಕಿದ್ರೂ ಕಬ್ಬಿಣಕ್ಕ ಕಬ್ಬಿಣ ತಾಗೂದಿಲ್ಲ!"

"ಒಂದಽ ಮನ್ಯಾಗ ಮಾತು ಬಿಟ್ಟು ನಾನೂ ನನ್ನ ನೆಗೆಣ್ಣಿನೂ ಇದ್ದಂಗ?"

"ಹಂಗಽ!"

ಈರಣ್ಣ ಒಂದು ಮುಚ್ಚಳದಷ್ಟು ಮದ್ದು ಹಾಕಿದ. ಲೇತು ಗಪ್‌ಚಿಪ್ ಆಯಿತು! ಶಾಫ್ಟ್ ಕನ್ನಡಿಯಂತೆ ಹೊಳೆಯಿತು. ಶಾಂತವ್ವ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಅಷ್ಟರಲ್ಲಿ ಹೊರಗೆ ಸಾಹೇಬರ ಟೆಂಪೋ ನಿಂತಿತು. ಇನ್ನೂ ಚೆನ್ನಾಗಲಿ ಎಂದು ಈರಣ್ಣ ಇಡೀ ಡಬ್ಬಿ ಸುರುವಿದ.

"ನನ್ನ ಕಣ್ಮುಂದ ಒಂದು ಮಾಡ್ರಿ," ಎಂದರು ಸಾಹೇಬರು.

ಉಳಿ ಕಬ್ಬಿಣವನ್ನು ಕಚ್ಚಲೇ ಇಲ್ಲ, ಜಾರಿತು. ಶಾಫ್ಟ್ ಹಿಡಿತ ತಪ್ಪಿಸಿಕೊಂಡು ಸುಯ್ಯೆಂದು ಸಾಹೇಬರ ಕೈಗೇ ಬಂತು. ಅಳೆಯಲು ಹೋದರೆ ಕ್ಯಾಲಿಪರೂ ಜಾರಿತು.

"ಇದನ್ನ ಅಳ್ಯಾಕ ಬರವಲ್ದು!"

"ಅಂದಮ್ಯಾಲೆ ತಪ್ಪೈತಿ ಅಂತ ಹೆಂಗ ಹೇಳ್ತೀರಿ?" ಎಂದ ಈರಣ್ಣ.

"ಬಾಯಿ ಮುಚ್ಚೋ, ಶಾಣ್ಯಾ!" ಎಂದಳು ಶಾಂತವ್ವ.

ಹೆಚ್ಚಾದ ಮದ್ದಿನಿಂದ ಪದರ ತಾನೇ ಬೆಳೆಯತೊಡಗಿತ್ತು. ಲೋಹ ಕಂಡಲ್ಲೆಲ್ಲ ಹರಿಯಿತು. ನಟ್ಟುಗಳು ತಾವೇ ತಿರುಗಿ ಬಿಚ್ಚಿಕೊಂಡವು. ಸಾಹೇಬರ ಬೆಲ್ಟಿನ ಬಕಲು ಕಳಚಿತು. ಶಟರು ಹಳಿ ಬಿಟ್ಟು ಬಿತ್ತು. ಕೊನೆಗೆ ಬೋಲ್ಟು ಕಳೆದುಕೊಂಡ ಲೇತು, ನೆಲಕ್ಕೆ ಹಾಸಿದ್ದ ಕಬ್ಬಿಣದ ಹಲಗೆಗಳ ಮೇಲೆ ಬೀಗರಂತೆ ಗಂಭೀರವಾಗಿ ಹೊರಟಿತು!

"ಹಿಡಿಯೋ!"

"ಎಲ್ಲೆ ಹಿಡೀಲಿ, ಅಕ್ಕಾ?"

ಬಾಗಿಲಿನ ಇಳಿಜಾರಿನಲ್ಲಿ ಜಾರಿದ ಲೇತು ತೆರೆದ ಟೆಂಪೋದೊಳಗೆ ಹೋಗಿ ಕೂತಿತು. ಅದರ ಬ್ರೇಕೂ ಜಾರಿ ಕೈಕೊಟ್ಟಿತು. ಟೆಂಪೋ ಮುಂದೆ, ಪ್ಯಾಂಟು ಹಿಡಿದ ಸಾಹೇಬರು ಹಿಂದೆ, ಅವರ ಹಿಂದೆ ಅಕ್ಕ-ತಮ್ಮ! ಅದು ನಿಂತದ್ದು ಸಾಹೇಬರದೇ ಕಾರ್ಖಾನೆಯ ಮರಳುಗುಡ್ಡೆಯಲ್ಲಿ.

ಏದುಸಿರು ಬಿಡುತ್ತ ಶಾಂತವ್ವ ಸೆರಗಿನ ಶಾಫ್ಟ್ ಬಿಚ್ಚಿ ಕೊಟ್ಟಳು. ಸಾಹೇಬರು ಹೊಸ ಕ್ಯಾಲಿಪರ್ ತರಿಸಿ ಅಳೆದರು. ಮತ್ತೊಮ್ಮೆ ಅಳೆದರು.

"ಇದೆಂಗ ಇಷ್ಟು ಚೊಲೋ ಬಂತು?"

"ಇದಕ್ಕ ಒಂದಽ ಮುಚ್ಚಳ ಮದ್ದು ಹಾಕಿದ್ದು, ರೀ," ಎಂದಳು ಶಾಂತವ್ವ.

"ಆರ್ಡರ್ ನಿಮಗಽ. ಆದ್ರ ಇನ್ಮ್ಯಾಲೆ ಮದ್ದಿನ ಡಬ್ಬಿ ನಿಮ್ಮ ಕೈಯಾಗ ಇರ್ಲಿ, ಅಕ್ಕಾರ. ಇವನ ಕೈಯಾಗ ಬ್ಯಾಡ!"

ಶೆಡ್ಡು ಉಳಿಯಿತು; ಕಳೆದದ್ದು ಹದಿನೆಂಟು ಬೋಲ್ಟು, ಒಂದು ಶಟರು, ಒಂದು ಬಕಲು.