ಹಾಯಿಕಂಬಕ್ಕೆ ಅರ್ಧ ಕೆಜಿಯ ಸಾಕ್ಷಿ

ತಕ್ಕಡಿ ಮಾರುವವನಿಗೆ ಒಂದು ಹಾಯಿಕಂಬವನ್ನು ನೆಟ್ಟಗೆ ನಿಲ್ಲಿಸುವುದು ಯಾವ ಮಹಾ ಕೆಲಸ? ಹೀಗೆಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದ ದಿನವೇ ನನ್ನ ಕಥೆ ಮುಗಿದಿತ್ತು. ನನಗೆ ಗೊತ್ತಾಗಲಿಲ್ಲ, ಅಷ್ಟೆ.

ನನ್ನ ಅಂಗಡಿಗೆ ಯಾರಾದರೂ "ನೀವು ಕೊಟ್ಟ ತಕ್ಕಡಿ ಸುಳ್ಳು ತೂಗುತ್ತೆ" ಎಂದು ಜಗಳಕ್ಕೆ ಬಂದರೆ ನನ್ನ ಉತ್ತರ ಸದಾ ಸಿದ್ಧ.

"ತಕ್ಕಡಿ ಸರಿಯಾಗೇ ಇದೆ ಸ್ವಾಮಿ. ನಿಮ್ಮ ಮೇಜು ಡೊಂಕು."

ಬಂದವರು ತಮ್ಮ ಮೇಜಿನ ಬಗ್ಗೆ ನಾಚಿಕೊಂಡು ಹೋಗುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ನನ್ನ ಹೆಂಡತಿಗೆ ಈ ಮಾತು ಬಾಯಿಪಾಠ.

ಅಂಗಳದಲ್ಲಿ ಗಾಲಿಬಂಡಿಯ ಮೇಲೆ ಕೂತಿರುವ ನನ್ನ ಪುಟ್ಟ ಹಾಯಿದೋಣಿ ಎಂದರೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೊನ್ನೆ ತೀರ್ಪೇ ಕೊಟ್ಟಳು.

"ಭಾನುವಾರ ಅದು ನನ್ನನ್ನ ಕೂರಿಸ್ಕೊಂಡು ಕೆರೆಯ ಆಚೆ ದಡ ಮುಟ್ಟಿ ಬಂದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ನನ್ನ ತಮ್ಮ ತಗೊಂಡು ಹೋಗ್ತಾನೆ. ಬಾತುಕೋಳಿ ಸಾಕೋಕೆ ಏನಾದ್ರೂ ಬೇಕಂತೆ ಅವನಿಗೆ."

ಬಾತುಕೋಳಿ! ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ನಾನು ಬಣ್ಣ ಹಚ್ಚಿದ ದೋಣಿಯಲ್ಲಿ!

ಶನಿವಾರ ಕೆಲಸಕ್ಕೆ ಇಳಿದೆ. ಕಂಬವನ್ನು ಎಡಬಲದಿಂದ ಒಂದೊಂದು ತಂತಿ ಹಿಡಿದಿರುತ್ತದೆ. ಯಾವ ಕಡೆಯದನ್ನು ಬಿಗಿಸಿದರೆ ಕಂಬ ಆ ಕಡೆ ವಾಲುತ್ತದೆ. ತುದಿಯಿಂದ ಒಂದು ದಾರ ಇಳಿಬಿಟ್ಟು, ಅದಕ್ಕೆ ಅಂಗಡಿಯ ಅರ್ಧ ಕೆಜಿ ತೂಕದ ಕಲ್ಲು ಕಟ್ಟಿದೆ. ನೋಡಿದರೆ ಕಂಬ ಎಡಕ್ಕೆ, ಗೇಟಿನ ಕಡೆಗೆ ವಾಲಿದೆ. ಬಲದ ತಂತಿ ಬಿಗಿಸಿದೆ, ಎಡದ್ದು ಸಡಿಲಿಸಿದೆ. ಅಂಗೈ ಸಿಪ್ಪೆ ಸುಲಿಯಿತು, ಸೊಂಟ ಹಿಡಿದುಕೊಂಡಿತು. ಆದರೂ ಸಂಜೆಗೆ ಕಂಬ ದಾರದ ಪಕ್ಕದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲದೆ ನಿಂತಿತು.

ಹೆಂಡತಿ ಅಂಗಳ ತೊಳೆಯುತ್ತಿದ್ದಳು.

"ರೀ, ಆ ಬಂಡೀನ ಸ್ವಲ್ಪ ಸರಿಸ್ತೀರಾ? ನೀರೆಲ್ಲ ಗೇಟಿನ ಕಡೆಗೇ ಓಡ್ತಿದೆ."

"ನೀರು ಇರೋದೇ ಓಡೋಕೆ. ನೀನು ಕಂಬ ನೋಡೇ."

"ನೋಡಿದೆ. ನೆಟ್ಟಗೇ ಇದೆ. ನೀವು ಮಾಡಿದ್ದು ನೆಟ್ಟಗಿದೆ ಅಂದ್ರೇನೇ ನನಗೆ ಭಯ."

ಭಾನುವಾರ ಬಾಮೈದನೂ ನಾನೂ ಬಂಡಿಯನ್ನು ಬೀದಿಯ ಕೊನೆಯ ಕೆರೆಗೆ ತಳ್ಳಿಕೊಂಡು ಹೋದೆವು. ದೋಣಿ ನೀರಿಗಿಳಿದು ಮಟ್ಟಸವಾಗಿ ಕೂತಿತು. ಕಂಬ ಮಾತ್ರ, ಬಸ್ಸಿನಲ್ಲಿ ಪಕ್ಕದವರ ಭುಜದ ಮೇಲೆ ತೂಕಡಿಸುವವರ ಹಾಗೆ, ಬಲಕ್ಕೆ ವಾಲಿತು. ಆದರೂ ಹೆಂಡತಿಯನ್ನು ಹತ್ತಿಸಿಕೊಂಡೆ. ವ್ಯಾಪಾರಿ ಮುಖದ ಮೇಲೆ ನಷ್ಟ ತೋರಿಸಬಾರದಲ್ಲ!

"ಭಾವ, ಕಂಬ ಯಾಕೆ ಆ ಕಡೆ ಮಲಗ್ತಿದೆ?" ಬಾಮೈದ ದಡದಿಂದ ಕೂಗಿದ.

"ಗಾಳಿಗೆ."

"ಗಾಳಿ ಎಲ್ಲಿದೆ ಭಾವ?"

ಕೇಳಿಸಿಕೊಂಡಿತೇನೋ, ಗಾಳಿ ಬಂತು. ಎಡದಿಂದ ಬೀಸಿದ್ದು ಒಂದೇ ಒಂದು ಬೀಸು. ಮೊದಲೇ ವಾಲಿದ್ದ ಕಂಬಕ್ಕೆ ಅಷ್ಟು ನೆಪ ಸಾಕಾಯಿತು. ಹಾಯಿಯನ್ನು ನೀರಿನ ಮೇಲೆ ಹಾಸಿ ಮಲಗಿಯೇಬಿಟ್ಟಿತು. ಹಿಂದೆಯೇ ದೋಣಿ, ದೋಣಿಯ ಹಿಂದೆ ನಾವು. ಆಚೆ ದಡದ ಮಾತಿರಲಿ, ಈಚೆ ದಡವನ್ನೇ ನಾವು ಸರಿಯಾಗಿ ಬಿಟ್ಟಿರಲಿಲ್ಲ. ನೀರು ಸೊಂಟದವರೆಗೆ ಮಾತ್ರ ಇತ್ತು. ಮುಳುಗಿ ಮಾನ ಉಳಿಸಿಕೊಳ್ಳುವ ದಾರಿಯೂ ಇರಲಿಲ್ಲ.

ಬಾಮೈದ ಬಂಡಿಯನ್ನು ನೀರಿನ ಅಂಚಿಗೆ ತಂದ.

"ಅಕ್ಕ, ಕಂಬ ಬಿಚ್ಚಿಬಿಡ್ಲಾ? ಬಾತುಕೋಳಿಗೆ ಬೇಕಾಗಲ್ಲ."

ನಾನು ಕೆಸರಲ್ಲಿ ನಿಂತು ಕೊನೆಯ ಮನವಿ ಸಲ್ಲಿಸಿದೆ.

"ನೋಡೇ, ದಾರ ಸುಳ್ಳು ಹೇಳಲ್ಲ. ಅರ್ಧ ಕೆಜಿ ಕಲ್ಲು ಸುಳ್ಳು ಹೇಳಲ್ಲ. ನಿನ್ನೆ ಅಂಗಳದಲ್ಲಿ ಕಂಬ ನೆಟ್ಟಗಿದ್ದಿದ್ದನ್ನ ನೀನೇ ನೋಡಿದೀಯ."

ಅವಳು ಕೂದಲಿನ ನೀರು ಹಿಂಡಿಕೊಂಡಳು. ಆಮೇಲೆ ಥೇಟ್ ನನ್ನದೇ ಅಂಗಡಿಯ ದನಿಯಲ್ಲಿ, ನಿಧಾನವಾಗಿ ಹೇಳಿದಳು:

"ಕಂಬ ಸರಿಯಾಗೇ ಇದೆ ಸ್ವಾಮಿ. ನಿಮ್ಮ ಅಂಗಳ ಡೊಂಕು."

ನಾನು ನನ್ನ ಅಂಗಳದ ಬಗ್ಗೆ ನಾಚಿಕೊಂಡು ದಡ ಹತ್ತಿದೆ.